ಪುಟ್ಟಿ, ಆ ಜೀನ್ಸ್ ಕಸೋಲ್‌ವರೆಗೆ ಮಾತ್ರ

ಪುಟ್ಟೀ, ಇದನ್ನೆಲ್ಲ ಟೈಪ್ ಮಾಡೋಕೆ ಕೂತ್ರೆ ಬೆಳಗಾಗ್ತೈತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಉದ್ದ ಆಗ್ತೈತೆ, ಗ್ರೂಪಲ್ಲಿರೋ ಮಿಕ್ಕೋರು ಸ್ವಲ್ಪ ಸಹಿಸ್ಕೊಳ್ಳಿ.

ಬೆಳಿಗ್ಗೆ ನೀನು ಹಾಕಿದ ಫೋಟೋ ನೋಡ್ದೆ. ಮಂಚದ ತುಂಬ ಬಟ್ಟೆ. ಎರಡು ಜೀನ್ಸು, ಒಂದು ರಾಶಿ ಕಾಟನ್ ಟೀಶರ್ಟು, ಭಾವನ ದಪ್ಪ ಸ್ವೆಟರು, ಮಂಕಿ ಕ್ಯಾಪು, ಶಾಲು. ಕೆಳಗೆ ‘ಮಾಮಾ, ಹಿಮಾಚಲದ ಸಾರ್ ಪಾಸ್ ಟ್ರೆಕ್ಕಿಗೆ ಇಷ್ಟು ಸಾಕಾ’ ಅಂತ ಕೇಳಿದ್ದೀಯ, ಹಿಮದ ಬೆಟ್ಟ ದಾಟೋ ದಾರಿ ಅದು. ಅಕ್ಕ ‘ಇನ್ನೊಂದು ಸ್ವೆಟರ್ ಇರ್ಲಿ’ ಅಂದಿದ್ದಾಳೆ. ಇಲ್ಲಿ ಅವ್ವ ನನ್ನ ಹಿಂದೆ ಬಿದ್ದವಳೆ, ಚಳ್ಳಕೆರೆ ಕಂಬಳಿ ಕೊಟ್ಟು ಕಳಿಸು ಅಂತ.

ಸಾಕು ಅಲ್ಲವ್ವ, ಜಾಸ್ತಿ ಆಯ್ತು. ಆದ್ರೆ ಬೇಕಾಗಿರೋದು ಅದ್ರಲ್ಲಿ ಇಲ್ಲ.

ದಾವಣಗೆರೆ ಬಿಸಿಲಲ್ಲಿ ಫ್ಯಾನ್ ಕೆಳಗೆ ಕೂತ್ಕೊಂಡು ಚಳಿ ಲೆಕ್ಕ ಹಾಕೋದು ಕಷ್ಟ, ಒಪ್ತೀನಿ. ಒಂದು ಅಂದಾಜು ಹೇಳ್ತೀನಿ ಕೇಳು. ಸಾವಿರ ಮೀಟರ್ ಮೇಲಕ್ಕೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ಇಳೀತೈತೆ. ನಮ್ಮ ಚಿತ್ರದುರ್ಗಕ್ಕೂ ಜೋಗಿಮಟ್ಟಿ ಗುಡ್ಡದ ತುದಿಗೂ ಐನೂರು ಆರುನೂರು ಮೀಟರ್ ವ್ಯತ್ಯಾಸ, ಅಷ್ಟಕ್ಕೇ ಮೂರು ನಾಲ್ಕು ಡಿಗ್ರಿ ಕಮ್ಮಿ ಆಗ್ತೈತೆ. ನೀನು ಹೊರಡೋ ಕಸೋಲ್ ಸುಮಾರು 1,600 ಮೀಟರ್. ಸಾರ್ ಪಾಸ್‌ಗಿಂತ ಹಿಂದಿನ ರಾತ್ರಿ ಮಲಗೋ ನಗಾರು ಸುಮಾರು 3,800. ಅಂದ್ರೆ ಹದಿನಾಲ್ಕು ಡಿಗ್ರಿ ವ್ಯತ್ಯಾಸ. ಮೇ ತಿಂಗಳ ಮೊದಲ ವಾರ ಕಸೋಲಲ್ಲಿ ರಾತ್ರಿ ಹತ್ತು ಡಿಗ್ರಿ ಇದ್ರೆ ನಗಾರಲ್ಲಿ ಸೊನ್ನೆಗಿಂತ ಕೆಳಗೆ. ಅದೂ ಗಾಳಿ ಇಲ್ಲದಿದ್ರೆ. ಅದು ಬಯಲಾದ ಏಣು, ಗಾಳಿಗೆ ಅಡ್ಡ ಏನೂ ಇಲ್ಲ. ಅದೇ ದಿನ ಮಧ್ಯಾಹ್ನ ಬಿಸಿಲಲ್ಲಿ ಏರು ಹತ್ತುವಾಗ ಮಾತ್ರ ಒಂದು ಟೀಶರ್ಟೇ ಭಾರ ಅನ್ನಿಸ್ತೈತೆ. ವಸಂತದ ಕಷ್ಟ ಇದೇ ನೋಡು. ಚಳಿಗಾಲ ಆದ್ರೆ ಚಳಿಗೆ ಅಂತ ಒಂದೇ ಸಮ ಹಾಕ್ಕೊಂಡು ಹೋಗ್ಬೋದು. ಇಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಇನ್ನೊಂದು. ಭಾವನ ಸ್ವೆಟರ್ ಈ ಮೂರಕ್ಕೂ ಆಗಲ್ಲ.

ಅದಕ್ಕೆ ಒಂದೇ ದಪ್ಪ ಬಟ್ಟೆ ಬದಲು ಮೂರು ತೆಳುವು. ಬೆಚ್ಚಗಿಡೋದು ಬಟ್ಟೆಯಲ್ಲ, ಬಟ್ಟೆ ಒಳಗೆ ಸಿಕ್ಕಿಬಿದ್ದ ಗಾಳಿ. ತೆಳುವು ಇದ್ರೆ ಒಂದು ತೆಗೀಬೋದು, ಒಂದು ಹಾಕ್ಬೋದು.

ಈಗ ಕಾಟನ್ ವಿಷಯ. ದಾವಣಗೆರೆಯವರಿಗೆ ಹತ್ತಿ ಬೇಡ ಅನ್ನೋಕೆ ನಾಲಿಗೆ ಬರಲ್ಲ, ಕಾಟನ್ ಮಿಲ್ಲುಗಳಿಂದಲೇ ಹೆಸರಾದ ಊರು ಅದು. ನಮ್ಮ ಸೆಖೆಗೆ ಅದೇ ಸರಿ, ಬೆವರು ಹೀರಿ ತಂಪು ಮಾಡ್ತೈತೆ. ಅಲ್ಲಿ ಬೇಡ ಅನ್ನೋದೂ ಅದಕ್ಕೇ. ಕಾಟನ್ ಒದ್ದೆಯಾದ್ರೆ ಬೇಗ ಒಣಗಲ್ಲ, ಮೈಗೆ ಅಂಟ್ಕೊಂಡು ಕೂರ್ತೈತೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಮೈಯಿಂದ ಶಾಖ ಎಳೀತೈತೆ. ಏರು ಹತ್ತಿ ಬೆವತು, ತಂಡ ರೆಸ್ಟಿಗೆ ಅಂತ ನಿಂತಾಗ, ಆ ಐದು ನಿಮಿಷದಲ್ಲೇ ಬೆನ್ನು ಹಿಮ ಆಗ್ತೈತೆ. ಜೀನ್ಸ್ ಇನ್ನೂ ಕಡೆ. ನಮ್ಮ ಜೊತೆ ಬಂದಿದ್ದ ಹುಡುಗ ಒಬ್ಬ ಜೀನ್ಸಲ್ಲೇ ಹಿಮಕ್ಕೆ ಇಳಿದ, ಬೆಳಿಗ್ಗೆ ಎದ್ದು ನೋಡಿದ್ರೆ ಟೆಂಟಿನ ಹಗ್ಗದ ಮೇಲೆ ಅದು ರೊಟ್ಟಿ ಹಂಗೆ ಸೆಟೆದು ನಿಂತಿತ್ತು. ನೀನು ಟ್ರೈನಲ್ಲಿ ಹಾಕ್ಕೋ, ಬಸ್ಸಲ್ಲಿ ಹಾಕ್ಕೋ, ಕಸೋಲ್ ಬೇಸ್ ಕ್ಯಾಂಪಲ್ಲಿ ಸಾಮಾನು ಬಿಡೋಕೆ ಜಾಗ ಕೊಡ್ತಾರೆ, ಜೀನ್ಸ್ ಅಲ್ಲೇ ಇಡು.

ಒಳಗಿನ ಪದರಕ್ಕೆ ನಿನ್ನ ಹತ್ರ ಕಾಲೇಜಿನ ಥ್ರೋಬಾಲ್ ಜೆರ್ಸಿ ಇರ್ಬೇಕಲ್ಲ, ಪಾಲಿಯೆಸ್ಟರ್‌ದು, ಅದು ನಡೀತೈತೆ. ನಿಜ. ದುಡ್ಡು ಹಾಕೋದೇ ಬೇಡ. ಅಂಥವು ಎರಡು, ಒಂದು ಉದ್ದ ತೋಳಿಂದಾದ್ರೆ ಒಳ್ಳೇದು, ಅಲ್ಲಿ ಬಿಸಿಲು ಹಿಮದ ಮೇಲೆ ಬಿದ್ದು ಕೆಳಗಿಂದಾನೂ ಸುಡ್ತೈತೆ. ಒಳಉಡುಪಿನ ವಿಷಯ ನಿನ್ನ ಅತ್ತೆ ಬೇರೆ ಮೆಸೇಜ್ ಮಾಡ್ತಾಳಂತೆ. ಅದರ ಮೇಲೆ ಒಂದು ಫ್ಲೀಸ್, ಅಂದ್ರೆ ಉಣ್ಣೆ ಥರ ಮೆತ್ತಗಿರೋ ಪಾಲಿಯೆಸ್ಟರ್ ಜಾಕೆಟ್. ಹಗುರ ಇರ್ತೈತೆ, ಬೇಗ ಒಣಗ್ತೈತೆ. ಕ್ಯಾಂಪಲ್ಲಿ ಸುಮ್ನೆ ಕೂತಾಗ, ಊಟಕ್ಕೆ ಸಾಲಲ್ಲಿ ನಿಂತಾಗ ಅಂತ ಒಂದು ಉಬ್ಬಿದ ಜಾಕೆಟ್. ಡೌನ್ ಅಂತ ಕೊಡ್ತಾರೆ, ಬಾತುಕೋಳಿ ಪುಕ್ಕ ತುಂಬಿದ್ದು, ಅದು ತುಂಬ ಬೆಚ್ಚಗೆ, ಆದ್ರೆ ನೆನೆದ್ರೆ ಮುದ್ದೆ ಆಗಿ ಕೆಲಸಕ್ಕೆ ಬರಲ್ಲ. ಸಿಂಥೆಟಿಕ್ ತುಂಬಿದ್ದು ಸ್ವಲ್ಪ ತೂಕ, ನೆನೆದ್ರೂ ಒಂದಷ್ಟು ತಡ್ಕೊಳ್ತೈತೆ. ಅಲ್ಲಿ ಮಧ್ಯಾಹ್ನದ ಮೇಲೆ ಮಳೆಯೋ ಆಲಿಕಲ್ಲೋ ಬರೋದು ಮಾಮೂಲು. ಮೊದಲನೇ ಸಲ ಹೋಗ್ತಿರೋಳಿಗೆ ಸಿಂಥೆಟಿಕ್ಕೇ ವಾಸಿ ಅಂತ ನನ್ನ ಲೆಕ್ಕ.

ಎಲ್ಲದರ ಮೇಲೆ ಗಾಳಿ ಮಳೆ ತಡೆಯೋ ಒಂದು ತೆಳು ಜಾಕೆಟ್, ಟೋಪಿ ಇರೋದು. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ದಪ್ಪ ಇಲ್ಲ ಅಂತ. ಜೋಗಿಮಟ್ಟಿ ಮೇಲೆ ನಿಂತಾಗ ನಿನಗೇ ಗೊತ್ತಾಗಿತ್ತಲ್ಲ, ಸ್ವೆಟರ್ ಇದ್ರೂ ಗಾಳಿ ಹೆಣಿಗೆ ತೂತಲ್ಲಿ ಸೀದಾ ಒಳಗೆ ಬಂತು. ಸುಮ್ನೆ ಅಲ್ಲ ದುರ್ಗದ ಗುಡ್ಡಗಳ ತುಂಬ ಗಾಳಿ ಫ್ಯಾನು ನೆಟ್ಟಿರೋದು. ಸ್ವೆಟರ್ ಮೇಲೆ ಆ ತೆಳು ಜಾಕೆಟ್ ಬಿದ್ರೆ ಮಾತ್ರ ಒಳಗಿನ ಬೆಚ್ಚನೆ ಗಾಳಿ ಅಲ್ಲೇ ನಿಲ್ತೈತೆ.

ಅವ್ವನ ಕಂಬಳಿ ಬಗ್ಗೆ ನಗಬೇಡಿ ಯಾರೂ. ಕುರಿ ಕಾಯೋರು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ದಿನಗಟ್ಲೆ ನಿಲ್ತಾರೆ, ಸುಮ್ಮನೇನಾ? ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ನೀರು ಎಳೆಯೊಳಗೇ ಇಟ್ಕೊಂಡ್ರೂ ಮೈಗೆ ಒದ್ದೆ ಅನ್ನಿಸಲ್ಲ. ಹತ್ತಿ ಸೋಲೋದೇ ಅಲ್ಲಿ. ಆದ್ರೆ ಕಂಬಳಿ ಹೊತ್ಕೊಂಡು ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಹತ್ತೋಕಾಗಲ್ಲ, ಅವ್ವಾ. ಅದೇ ಉಣ್ಣೆಯನ್ನ ಕಾಲುಚೀಲ, ಟೋಪಿ ಮಾಡಿ ಒಯ್ಯಲಿ. ಕಾಲುಚೀಲ ಒಂದರ ಮೇಲೊಂದು ತುರುಕಬೇಡ ಪುಟ್ಟಿ, ಬೂಟು ಬಿಗಿಯಾಗಿ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗ್ತವೆ.

ಇರು, ಯಾರೋ ಬಾಗಿಲು ಬಡೀತಿದ್ದಾರೆ... ಹಾಲಿನವನು. ಹೂಂ, ಎಲ್ಲಿದ್ದೆ?

ನಡೆಯೋ ವಿಷಯ. ಬೆಳಿಗ್ಗೆ ಕ್ಯಾಂಪಿಂದ ಹೊರಡುವಾಗ ಸ್ವಲ್ಪ ಚಳಿ ಅನ್ನಿಸ್ಬೇಕು. ಅನ್ನಿಸ್ಲಿ. ಎಲ್ಲಾ ಹಾಕ್ಕೊಂಡು ಬೆಚ್ಚಗೆ ಹೊರಟ್ರೆ ಕಾಲು ಗಂಟೇಲಿ ಒಳಗೆಲ್ಲ ಬೆವರು. ಬೆವರೋಕಿಂತ ಮುಂಚೆ ಒಂದು ಪದರ ತೆಗಿ, ನಿಂತ ತಕ್ಷಣ ಒಂದು ಹಾಕು. ಗುಂಪಿನವರು ಮುಂದೆ ಹೋಗ್ತಾರೆ ಅಂತ ನಾಚ್ಕೊಂಡು ಹಂಗೇ ನಡೀಬೇಡ. ತೆಗೆದದ್ದನ್ನ ಬ್ಯಾಗಿನ ತಳಕ್ಕೆ ತುರುಕಬೇಡ, ಮೇಲೇ ಇರ್ಲಿ, ಕೈಗೆ ಸಿಗ್ಬೇಕು.

ರಾತ್ರಿ ಬಟ್ಟೆಯ ಮಾತು ಅಕ್ಕನೂ ಕೇಳಿಸ್ಕೊಳ್ಳಲಿ. ಒಂದು ಜೊತೆ ಥರ್ಮಲ್ (ಮೈಗೆ ಅಂಟ್ಕೊಂಡಿರೋ ಬೆಚ್ಚನೆ ಒಳಬಟ್ಟೆ), ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಟೋಪಿ, ಇವನ್ನ ಮಡಿ ಬಟ್ಟೆ ಅಂದ್ಕೋ. ಅಜ್ಜಿ ಮಡಿ ಸೀರೆ ಮುಟ್ಟೋಕೆ ನಿಮ್ಮನ್ನ ಬಿಡ್ತಿದ್ಲಾ? ಹಂಗೆ. ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬ್ಯಾಗಿನ ನಡುವೆ ಇಡು. ಎಷ್ಟೇ ಚಳಿ ಆದ್ರೂ ಅದನ್ನ ಹಾಕ್ಕೊಂಡು ನಡೆಯಂಗಿಲ್ಲ. ಕ್ಯಾಂಪ್ ಮುಟ್ಟಿದ ಕೂಡ್ಲೇ, ಚಾ ಕುಡಿಯೋಕಿಂತ ಮುಂಚೆ, ಮೈ ಇನ್ನೂ ಬಿಸಿ ಇರೋವಾಗ್ಲೇ ಒದ್ದೆ ಜೆರ್ಸಿ ಬಿಚ್ಚಿ ಒಣಗಿದ್ದು ಹಾಕು. ಮಡಿ ಮಾತ್ರ ಮಲಗೋವಾಗ. ಸ್ಲೀಪಿಂಗ್ ಬ್ಯಾಗಿಗೆ ಎಲ್ಲಾ ಬಟ್ಟೆ ಹಾಕ್ಕೊಂಡು ಬಿಗಿಯಾಗಿ ತೂರಬೇಡ, ಒಳಗೆ ಗಾಳಿಗೆ ಜಾಗ ಇಲ್ಲದಿದ್ರೆ ಅದು ಬೆಚ್ಚಗಾಗಲ್ಲ. ಚಳಿ ಜಾಸ್ತಿ ಬರೋದು ಕೆಳಗಿಂದ, ನೆಲದಿಂದ. ಮ್ಯಾಟ್ ಕೆಳಗೆ ಮಳೆ ಪೋಂಚೋ ಹಾಸು, ಖಾಲಿ ಬ್ಯಾಗು ಕಾಲ ಹತ್ರ ಹಾಸು. ಬಿಸಿನೀರು ಸಿಕ್ರೆ ಸೋರದ ಬಾಟಲಿಗೆ ತುಂಬಿ ಕಾಲುಚೀಲ ತೊಡಿಸಿ ಒಳಗೆ ಇಟ್ಕೋ. ಉಂಡೇ ಮಲಗು, ಹಸಿವಿಲ್ಲ ಅಂತ ಊಟ ಬಿಟ್ರೆ ಮೈಗೆ ಉರಿಸೋಕೆ ಏನೂ ಇರಲ್ಲ. ಫೋನು, ಪವರ್ ಬ್ಯಾಂಕು ಒಳಗೇ, ಚಳಿಗೆ ಚಾರ್ಜ್ ಬೇಗ ಇಳೀತೈತೆ.

ಪ್ಯಾಂಟು ಬೇಗ ಒಣಗೋ ಟ್ರ್ಯಾಕ್ ಪ್ಯಾಂಟ್ ಥರದ್ದು ಎರಡು. ಸಾರ್ ಪಾಸ್ ದಾಟಿದ ಮೇಲೆ ಹಿಮದ ಮೇಲೆ ಕೂತು ಜಾರ್ಕೊಂಡು ಇಳಿಸ್ತಾರೆ. ಮಜಾ ಇರ್ತೈತೆ, ನೀನು ಕಿರುಚ್ತೀಯ. ಆದ್ರೆ ಸೊಂಟದಿಂದ ಕೆಳಗೆ ಹಿಮ, ಬೆನ್ನಲ್ಲಿ ಹಿಮ. ಅವತ್ತು ಮಳೆ ಪ್ಯಾಂಟ್ ಮೇಲೆ ಇರ್ಲೇಬೇಕು, ಜಾಕೆಟ್ಟಿನ ಅಂಚು ಅದರೊಳಗೆ ಸೇರಿಸು. ಕೆಳಗಿನ ಕ್ಯಾಂಪಿಗೆ ಇನ್ನೂ ನಡೆಯೋದು ಇರ್ತೈತೆ, ಒದ್ದೆ ಪ್ಯಾಂಟಲ್ಲಿ ಅದು ಬೇಡ. ಕಪ್ಪು ಕನ್ನಡಕ ಮರೀಬೇಡ, ಅದು ಸ್ಟೈಲಿಗಲ್ಲ, ಹಿಮದ ಬೆಳಕಿಗೆ ಕಣ್ಣು ಉರಿದು ನೀರು ಸುರೀತೈತೆ.

ಅಕ್ಕಾ, ಇದೆಲ್ಲ ಕೊಳ್ಳೋಕೆ ಓಡಬೇಡ. ಈ ತಿಂಗಳು ದಾವಣಗೆರೇಲಿ ಯಾವ ಅಂಗಡಿಗೆ ಹೋಗಿ ಸ್ವೆಟರ್ ಕೇಳಿದ್ರೂ ನಿನ್ನ ಮುಖ ನೋಡ್ತಾರೆ. ದಪ್ಪ ಜಾಕೆಟ್ ಕಸೋಲಲ್ಲೇ ಬಾಡಿಗೆಗೆ ಸಿಕ್ತೈತೆ, ಜಿಪ್ ಮಾತ್ರ ಎಳೆದು ನೋಡಿ ತಗೋಬೇಕು. ಫ್ಲೀಸು, ಗ್ಲೌಸು ನನ್ನ ಹತ್ರ ಅವೆ. ಭಾವ ಭಾನುವಾರ ದುರ್ಗಕ್ಕೆ ಬರ್ತಾರಲ್ಲ, ಕೊಟ್ಟು ಕಳಿಸ್ತೀನಿ. ಮಳೆ ಪ್ಯಾಂಟ್ ನನ್ನದು ನಿನಗೆ ಉದ್ದ ಆಗ್ತೈತೆ ಪುಟ್ಟಿ, ಅದೊಂದು ನೀನೇ ತಗೋ. ಬೂಟು ಹಾಕ್ಕೊಂಡೇ ಏರಿಸಬೋದಾ ಅಂತ ಅಂಗಡೀಲೇ ಹಾಕಿ ನೋಡು.