ಗುಳೆಯ ಅಧ್ಯಯನಕ್ಕೆ ಬೇರೆ ಬೇರೆ ವಿಭಾಗದವರು ಕೂಡುವುದು ಹೇಗೆ?

ಪ್ರಶ್ನೆ: ಸಮಾಜಶಾಸ್ತ್ರ ಸಂಶೋಧನಾರ್ಥಿ, ಕಲಬುರಗಿ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಕುರಿತು ನಾವು ಕೆಲವರು ಸೇರಿ ಅಧ್ಯಯನ ಕೈಗೊಳ್ಳಬೇಕೆಂದಿದ್ದೇವೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿದ ಮೇಲೂ ಗುಳೆ ನಿಂತಿಲ್ಲ. ತಂಡದಲ್ಲಿ ಅರ್ಥಶಾಸ್ತ್ರ, ಸಮುದಾಯ ಆರೋಗ್ಯ, ಕೃಷಿ ವಿಜ್ಞಾನದವರಿದ್ದಾರೆ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಅಧ್ಯಾಯ ಬರೆದುಕೊಟ್ಟು, ಕೊನೆಗೆ ಎಲ್ಲವನ್ನೂ ಒಂದೇ ರಟ್ಟಿನೊಳಗೆ ಹೊಲಿಯುವ ಯೋಜನೆ ರೂಪುಗೊಳ್ಳುತ್ತಿರುವುದು ನನಗೆ ಸಮಾಧಾನ ತಂದಿಲ್ಲ. ನಿಜವಾಗಿಯೂ ಒಟ್ಟಾಗಿ ಮಾಡುವ ಸಂಶೋಧನೆ ಎಲ್ಲಿಂದ ಆರಂಭವಾಗಬೇಕು?

ಅರ್ಥಶಾಸ್ತ್ರ ಅಧ್ಯಾಪಕ, ರಾಯಚೂರು

ಯಾರನ್ನು, ಯಾವ ತಿಂಗಳಲ್ಲಿ ಎಣಿಸಬೇಕೆಂಬುದನ್ನು ಎಲ್ಲರೂ ಕುಳಿತು ತೀರ್ಮಾನಿಸುವುದರಿಂದ. ನಮ್ಮ ಸಮೀಕ್ಷೆಗಳು ಒಂದೇ ಒಲೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಎಣಿಸುತ್ತವೆ. ಗುಳೆಯ ಕಾಲದಲ್ಲಿ ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು ಊರಿನಲ್ಲಿ, ಗಂಡ ಹೆಂಡತಿ ಮತ್ತು ಹಾಲು ಕುಡಿಯುವ ಕೂಸು ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಒಲೆ ಎರಡಾದರೂ ಮೇಸ್ತ್ರಿಯಿಂದ ಪಡೆದ ಮುಂಗಡದ ಸಾಲ ಒಂದೇ. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ತೊಗರಿ ರಾಶಿ ಮುಗಿದು ಅನೇಕರು ಊರು ಬಿಟ್ಟಿರುವ ಹೊತ್ತಿನಲ್ಲಿ. ಅಂಕಿಅಂಶ ನೋಡಿ ಮಾದರಿ ಆರಿಸುವ ನಮ್ಮಂಥವರಿಗೆ ಇದನ್ನು ತಿಳಿಸಿಕೊಡಬೇಕಾದವರು ಕೃಷಿ ವಿಜ್ಞಾನದವರೇ.

ಸಮುದಾಯ ಆರೋಗ್ಯ ವೈದ್ಯೆ, ಬೆಂಗಳೂರು

ಇದಕ್ಕೆ ನನ್ನ ಸಹಮತವಿದೆ. ಶೆಡ್ಡುಗಳಲ್ಲಿ ಗರ್ಭಿಣಿಯರ ತಾಯಿ ಕಾರ್ಡು ನೋಡುವಾಗ, ಊರಿನ ಉಪಕೇಂದ್ರದಲ್ಲಿ ಬರೆದ ತೂಕ, ರಕ್ತದೊತ್ತಡಗಳ ದಾಖಲೆ ಒಂದು ತಿಂಗಳಿಗೆ ನಿಂತು ಮುಂದಿನ ಕಲಮುಗಳೆಲ್ಲ ಖಾಲಿ ಇರುವುದನ್ನು ಕಂಡಿದ್ದೇನೆ. ವೈದ್ಯರು ಅದನ್ನು ಉದಾಸೀನವೆಂದು ಓದಿಬಿಡಬಹುದು. ಮೇಸ್ತ್ರಿ ಕೊಟ್ಟ ಮುಂಗಡದ ಲೆಕ್ಕ ಬಲ್ಲವರಿಗಾದರೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದ ಸ್ಥಿತಿ ಅದರಲ್ಲಿ ಕಾಣುತ್ತದೆ. ತಾಯಿ ಕಾರ್ಡು, ಮುಂಗಡ ಎರಡನ್ನೂ ಒಂದೇ ಭೇಟಿಯಲ್ಲಿ ಕೇಳುವಂತೆ ಪ್ರಶ್ನಾವಳಿ ಒಂದೇ ಇರಲಿ.

ನಿವೃತ್ತ ಸಮಾಜಶಾಸ್ತ್ರ ಪ್ರಾಧ್ಯಾಪಕ, ಮೈಸೂರು

ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವನ್ನು ನಿಮ್ಮ ತಂಡದವರೆಲ್ಲ ಓದಬೇಕು. ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡನ್ನೂ ಬಲ್ಲ ಅವರು, ನಾಲೆಯ ನೀರು ಬಂದ ಹಳ್ಳಿಯವರು ಬೇಸಾಯದಲ್ಲೇ ಉಳಿದು ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದದ್ದನ್ನೂ, ನೀರು ಬಾರದ ಹಳ್ಳಿಯವರು ಹೊರಗಿನ ಕೆಲಸ, ವ್ಯಾಪಾರ ಹಿಡಿದು ಅಲ್ಲಿನ ಸಂಬಂಧಗಳು ಹೆಚ್ಚು ಬದಲಾದದ್ದನ್ನೂ ತೋರಿಸಿದರು. 1970ರಲ್ಲಿ ಮತ್ತೆ ಹೋಗಿ ನೋಡಿದರು. ದೇವದುರ್ಗದ ಕಡೆ ಹರಿಯುವ ನಾರಾಯಣಪುರ ಬಲದಂಡೆ ನಾಲೆಯ ನೀರು ಸಿಗುವ ಒಂದು, ಸಿಗದ ಒಂದು ಊರನ್ನು ನೀವೂ ಆರಿಸಿಕೊಂಡರೆ, ಕೃಷಿ ವಿಜ್ಞಾನದವರ ಪಾಲು ಬರಿಯ ಹಿನ್ನೆಲೆಯ ಅಧ್ಯಾಯವಾಗಿ ಉಳಿಯುವುದಿಲ್ಲ.

ಲೇಖಕರ ಹೆಸರಿನ ವಿಷಯವನ್ನೂ ಸಂಕೋಚವಿಲ್ಲದೆ ಈಗಲೇ ಮಾತನಾಡಿ. ಯುಜಿಸಿಯ 2018ರ ನಿಯಮಾವಳಿಯಂತೆ ಮೂವರು ಅಥವಾ ಹೆಚ್ಚು ಮಂದಿ ಬರೆದ ಲೇಖನದಲ್ಲಿ ಪ್ರಧಾನ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30ರಷ್ಟು ಅಂಕ ಸಿಗುತ್ತದೆ. ಬಡ್ತಿ ಕಾಯುತ್ತಿರುವ ಅಧ್ಯಾಪಕರು ಪ್ರತ್ಯೇಕ ಅಧ್ಯಾಯ ಬಯಸುವುದರಲ್ಲಿ ಆಶ್ಚರ್ಯವೇನಿಲ್ಲ. ಪ್ರಧಾನ ಲೇಖಕರ ಸ್ಥಾನ ಸರದಿಯಂತೆ ಎಲ್ಲರಿಗೂ ಸಿಗಲೆಂದು ಬರವಣಿಗೆಯಲ್ಲಿಡಿ. ಮನೆಮನೆ ತಿರುಗಿ ಮಾಹಿತಿ ತರುವ ಊರಿನ ಯುವಕ ಯುವತಿಯರನ್ನು ಲೇಖಕರ ಪಟ್ಟಿಯಿಂದ ಹೊರಗಿಡಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್, ಮೇಡಂ. ತೊಗರಿ ರಾಶಿಗೆ ಮೊದಲು ಊರಿನಲ್ಲಿ, ಫೆಬ್ರುವರಿಯಲ್ಲಿ ಅದೇ ಕುಟುಂಬಗಳನ್ನು ಶೆಡ್ಡುಗಳಲ್ಲಿ ಕಾಣುವಂತೆ ಯೋಜನೆಯನ್ನು ತಿದ್ದುತ್ತೇವೆ. ಮೇಸ್ತ್ರಿಗಳ ಎದುರಿನಲ್ಲಿ ಮುಂಗಡದ ಪ್ರಶ್ನೆ ಕೇಳಿದರೆ ಕೂಲಿಯವರಿಗೆ ತೊಂದರೆಯಾಗಬಹುದೆಂಬ ಆತಂಕ ನನಗಿದೆ. ಶೆಡ್ಡುಗಳಲ್ಲಿ ಕೆಲಸ ಮಾಡಿದವರು ಇದನ್ನು ಹೇಗೆ ನಿಭಾಯಿಸಿದ್ದೀರಿ?