ಫ್ರೆಂಚ್ ಪದಗಳನ್ನು ಉಚ್ಚಾರಾಂಶಗಳಾಗಿ ಬಿಡಿಸುವ ಕ್ರಮ ಯಾವುದು?

ಪ್ರಶ್ನೆ (ವಿದ್ಯಾರ್ಥಿನಿ, ಮೈಸೂರು):
ನಮಸ್ಕಾರ. ನಾನು ಪದವಿ ತರಗತಿಯಲ್ಲಿ ಫ್ರೆಂಚ್ ಓದುತ್ತಿದ್ದೇನೆ. ಕಳೆದ ವಾರದ ಉಕ್ತಲೇಖನದಲ್ಲಿ ಮೇಡಂ ‘ಲೆಜ಼ಾಮಿ’ ಎಂದಾಗ, ‘ಜ಼ಾಮಿ’ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಿ ಸೋತೆ. ಅದು ‘ಗೆಳೆಯರು’ ಎಂಬರ್ಥದ ‘ಲೆ’, ‘ಆಮಿ’ ಎಂಬ ಎರಡು ಪದಗಳೆಂದು ಆಮೇಲೆ ತಿಳಿಯಿತು. ಬಿಡಿಯಾಗಿ ಕಲಿತ ಪದ ವಾಕ್ಯದೊಳಗೆ ಸೇರಿದೊಡನೆ ಗುರುತು ಸಿಗದಂತಾಗುತ್ತದೆ. ಬಿಡಿಸುವುದಕ್ಕೆ ನಿಯಮವಿದೆಯೇ?

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕ, ಮಂಡ್ಯ):
ಇದೆಯಮ್ಮ, ಅದರ ಅರ್ಧವನ್ನು ನೀವು ಪ್ರೌಢಶಾಲೆಯ ಸಂಧಿಪಾಠದಲ್ಲೇ ಕಲಿತಿದ್ದೀರಿ. ಏಕವಚನದ ಆರ್ಟಿಕಲ್ (ಇಂಗ್ಲಿಷಿನ ‘ದಿ’ಯಂತೆ ನಾಮಪದದ ಮುಂಚೆ ಬರುವ ಪುಟ್ಟ ಪದ) ‘ಆಮಿ’ಯೊಡನೆ ಸೇರುವಾಗ ತನ್ನ ಸ್ವರವನ್ನು ಕಳೆದುಕೊಂಡು ‘ಲಾಮಿ’ ಎಂದಾಗುವುದು, ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಂತಹ ಲೋಪವೇ. ಬಹುವಚನದಲ್ಲಿ ‘ಲೆ’ ಎಂಬ ಆರ್ಟಿಕಲ್‌ನ ಕೊನೆಯ ‘ಎಸ್’ ಅಕ್ಷರವು ಬಿಡಿಯಾಗಿದ್ದಾಗ ಮೌನವಾಗಿರುತ್ತದೆ. ಮುಂದೆ ಸ್ವರ ಬಂದರೆ ‘ಜ಼’ ಆಗಿ ಎದ್ದು, ಆ ಸ್ವರವನ್ನೇ ಹತ್ತಿಕೊಳ್ಳುತ್ತದೆ. ಆದ್ದರಿಂದ ಕಿವಿಗೆ ಕೇಳುವುದು ಲೆ-ಜ಼ಾ-ಮಿ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಯಾವಾಗಲೂ ಮುಂದಿನ ಸ್ವರಕ್ಕೆ ಸೇರುತ್ತದೆ ಎಂಬುದು ಮೂಲಸೂತ್ರ. ಪದಗಳ ಗಡಿ ಅದಕ್ಕೆ ಅಡ್ಡಬರುವುದಿಲ್ಲ.

ಎರಡು ವ್ಯಂಜನಗಳಿದ್ದರೆ ಸಾಮಾನ್ಯವಾಗಿ ಒಡೆಯಬೇಕು: ‘ಹೊರಡು’ ಎಂಬರ್ಥದ ಪದ ಪಾರ್-ತೀರ್. ಎರಡನೆಯದು ‘ಲ’ ಅಥವಾ ‘ರ’ ಆಗಿದ್ದರೆ ಹೆಚ್ಚಾಗಿ ಜೋಡಿ ಒಡೆಯದು: ತಾ-ಬ್ಲೋ. ಇಲ್ಲಿ ನಮ್ಮ ಲಿಪಿ ದಾರಿ ತಪ್ಪಿಸುತ್ತದೆ, ಏಕೆಂದರೆ ನಾವು ‘ರ್ತೀ’ಯನ್ನು ಒಂದೇ ಅಕ್ಷರವಾಗಿ ಬರೆಯುತ್ತೇವೆ. ಆದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ ನಮ್ಮ ಛಂದಸ್ಸಿಗೆ ಈ ಒಡೆಯುವಿಕೆ ಚೆನ್ನಾಗಿ ಗೊತ್ತು.

ಉತ್ತರ (ಫ್ರೆಂಚ್ ಬೋಧಕಿ, ಮೈಸೂರು):
ಸರ್ ಹೇಳಿದ್ದು ಸರಿ. ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ‘ಎಚ್’ ಅಕ್ಷರಕ್ಕೆ ಫ್ರೆಂಚಿನಲ್ಲಿ ಉಚ್ಚಾರಣೆಯಿಲ್ಲದಿದ್ದರೂ, ಕೆಲವು ಪದಗಳಲ್ಲಿ ಅದು ಈ ಜೋಡಣೆಯನ್ನು ತಡೆಯುತ್ತದೆ. ‘ವೀರರು’ ಎನ್ನಲು ‘ಲೆ ಎರೋ’ ಎಂದು ಬಿಡಿಸಿಯೇ ಹೇಳಬೇಕು. ಜೋಡಿಸಿ ‘ಲೆ ಜ಼ೆರೋ’ ಎಂದರೆ ಅವರು ಸೊನ್ನೆಗಳಾಗುತ್ತಾರೆ! ಅಂತಹ ಪದಗಳನ್ನು ನಿಘಂಟುಗಳು ಗುರುತು ಹಾಕಿ ತೋರಿಸುತ್ತವೆ. ಒತ್ತು ಪದಪದಕ್ಕೂ ಬೀಳದೆ ಪದಗುಚ್ಛದ ಕೊನೆಯ ಉಚ್ಚಾರಾಂಶದ ಮೇಲೆ ಬೀಳುವುದರಿಂದ, ಉಕ್ತಲೇಖನದಲ್ಲಿ ಮೊದಲು ಗುಚ್ಛವನ್ನು ಇಡಿಯಾಗಿ ಕೇಳಿ, ಅನಂತರ ಪದಗಳನ್ನು ಬಿಡಿಸಿಕೊಳ್ಳಿ.

ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ‘ನಿಮ್ಮಲ್ಲಿದೆ’ ಎಂಬರ್ಥದ ‘ವೂ’, ‘ಆವೆ’ ಎಂಬ ಪದಗಳನ್ನು ವೂ-ಜ಼ಾ-ವೆ ಎಂದು ಬಿಡಿಸಿದ್ದು ಸರಿಯೇ?

ಬೋಧಕಿ:
ಸರಿಯಾಗಿದೆ. ಒತ್ತು ‘ವೆ’ಯ ಮೇಲಿರಲಿ.