'ರನ್' ಅಂದರೆ ಬರೀ ಓಡುವುದಲ್ಲ: ರನ್ ಔಟ್, ರನ್ ಇನ್‌ಟು, ರನ್ ಅಪ್ ಬಗ್ಗೆ ಗೊಂದಲ

ಪದಕುತೂಹಲಿ: ಸಕ್ಕರೆ ಮುಗಿಯಿತು ಅನ್ನೋಕೆ 'ಶುಗರ್ ಹ್ಯಾಸ್ ರನ್ ಔಟ್' ಸರಿಯೋ, 'ವಿ ರ‍್ಯಾನ್ ಔಟ್ ಆಫ್ ಶುಗರ್' ಸರಿಯೋ? 'ರನ್ ಇನ್‌ಟು', 'ರನ್ ಅಪ್' ವಿಷಯದಲ್ಲೂ ಇದೇ ಪಾಡು. 'ಓಡು' ಅನ್ನೋ ಅರ್ಥ ಹಿಡಿದು ಹೊರಟರೆ ಯಾವುದೂ ಬಗೆಹರಿಯುತ್ತಿಲ್ಲ.

ವ್ಯಾಕರಣಪ್ರಿಯ: ಎರಡೂ ಸರಿ, ಕರ್ತೃ ಮಾತ್ರ ಬೇರೆ. ಮುಗಿದ ವಸ್ತು ಕರ್ತೃವಾದರೆ 'ಆಫ್' ಬೇಡ. ವಸ್ತು ಇಲ್ಲದಾದ ಮನುಷ್ಯ ಕರ್ತೃವಾದರೆ 'ಆಫ್' ಬೇಕೇ ಬೇಕು. ಕನ್ನಡದಲ್ಲಿ 'ನಮ್ಮಲ್ಲಿ ಸಕ್ಕರೆ ಮುಗಿಯಿತು' ಅನ್ನುತ್ತೇವೆ, ಮುಗಿಯುವುದು ಯಾವಾಗಲೂ ಸಕ್ಕರೆಯೇ. ಹಾಗಾಗಿ 'ವಿ' ಇಂದ ಶುರುಮಾಡುವುದು ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ಜ್ವರದ್ದೂ ಇದೇ ಕಥೆ. ನಮಗೆ ಜ್ವರ ಬರುತ್ತದೆ. ಇಂಗ್ಲಿಷಿನಲ್ಲಿ 'ಶಿ ಈಸ್ ರನ್ನಿಂಗ್ ಅ ಫೀವರ್', ಅಲ್ಲಿ ಅವಳೇ ಕರ್ತೃ.

ಕ್ರಿಕೆಟ್ಟಿನ ರನ್ ಔಟ್ ಬೇರೆ. ಅದು ಕರ್ಮಣಿ ಪ್ರಯೋಗ: 'ಹಿ ವಾಸ್ ರನ್ ಔಟ್'. 'ವಾಸ್' ಬಿಟ್ಟು 'ಹಿ ರ‍್ಯಾನ್ ಔಟ್' ಅಂದರೆ ಆತ ಹೊರಗೆ ಓಡಿದ ಅಂತಾಗುತ್ತದೆ.

ನುಡಿಗಟ್ಟು_560004: 'ಅಪ್' ಇರುವಲ್ಲಿ ಒಂದು ಪರೀಕ್ಷೆ ಮಾಡಿ: ನಾಮಪದ ತೆಗೆದು 'ಇಟ್' ಹಾಕಿ. ಬೆಟ್ಟ ಹತ್ತಿ ಓಡಿದರೆ 'ರ‍್ಯಾನ್ ಅಪ್ ಇಟ್'. ಹೋಟೆಲಿನಲ್ಲಿ ಬಿಲ್ ಬೆಳೆಸಿದರೆ 'ರ‍್ಯಾನ್ ಇಟ್ ಅಪ್'. 'ಇಟ್' ನಡುವೆ ಕೂರಲೇಬೇಕು ಅನ್ನಿಸಿದರೆ ಅದು ನುಡಿಗಟ್ಟು. ಆದರೆ 'ರನ್ ಇನ್‌ಟು' ಒಡೆಯುವುದಿಲ್ಲ, ಅರ್ಥ ಯಾವುದೇ ಇರಲಿ: ಅಕಸ್ಮಾತ್ ಭೇಟಿ, ಡಿಕ್ಕಿ, ಖರ್ಚು ಲಕ್ಷಗಟ್ಟಲೆ ಆಗುವುದು. 'ರ‍್ಯಾನ್ ಹಿಮ್ ಇನ್‌ಟು' ಅಂತ ನಿಲ್ಲಿಸಿದರೆ ತಪ್ಪು.

ಪದಕುತೂಹಲಿ: ಈ ಪರೀಕ್ಷೆ ತುಂಬಾ ಉಪಯೋಗಕ್ಕೆ ಬಂತು. 'ರನ್ ಓವರ್' ಒಡೆಯಬಹುದೇ?

ನುಡಿಗಟ್ಟು_560004: ವಾಹನದ ವಿಷಯದಲ್ಲಿ ಎರಡೂ ನಡೆಯುತ್ತವೆ: 'ರ‍್ಯಾನ್ ಹಿಮ್ ಓವರ್', 'ರ‍್ಯಾನ್ ಓವರ್ ಹಿಮ್'. ಸಭೆ ಹೊತ್ತು ಮೀರಿದರೆ ಬರೀ 'ರ‍್ಯಾನ್ ಓವರ್', ಕರ್ಮಪದವೇ ಇಲ್ಲ.

ಹೊಳೆಸಾಲು: 'ಓಡು' ಬಿಡಿ, 'ಹರಿ' ಹಿಡಿಯಿರಿ. ನೀರು ಹರಿಯುತ್ತದೆ, ಲಾರಿ ಮೈಮೇಲೆ ಹರಿಯುತ್ತದೆ, ಪುಟದ ಮೇಲೆ ಕಣ್ಣು ಹರಿಸುತ್ತೇವೆ. ಈ ಮೂರಕ್ಕೂ ಇಂಗ್ಲಿಷಿನಲ್ಲಿ 'ರನ್' ನಡೆಯುತ್ತದೆ. ಇದು ಬರೀ ಆಕಸ್ಮಿಕ ಹೋಲಿಕೆಯಲ್ಲ, ಹರಿಯುವ ಅರ್ಥ ಆ ಪದದಲ್ಲಿ ಮೊದಲಿಂದಲೂ ಇದೆ. ಅದರ ಬಳಗದ ಜರ್ಮನ್ ಪದ 'ರಿನ್ನೆನ್' ಇವತ್ತಿಗೂ ಮುಖ್ಯವಾಗಿ ದ್ರವ ಹರಿಯುವುದಕ್ಕೇ ಬಳಕೆಯಾಗುತ್ತದೆ. ಮೂಗು ಸೋರುವುದು, ಬಟ್ಟೆ ಬಣ್ಣ ಬಿಡುವುದು ಎಲ್ಲ ಈ ಎಳೆಯಲ್ಲೇ ಸಿಗುತ್ತವೆ.

ಎಳೆ ಕಡಿಯುವುದು ಅಂಗಡಿಯಲ್ಲಿ. ಅವರು ಅಂಗಡಿಯನ್ನು 'ರನ್' ಮಾಡಿದರೆ ನಾವು ನಡೆಸುತ್ತೇವೆ. ಕಾರಿನಲ್ಲೂ ಜೋಪಾನ: 'ಐ ರನ್ ಅ ಕಾರ್' ಅಂದರೆ ಕಾರು ಓಡಿಸುತ್ತೇನೆ ಅಂತಲ್ಲ, ಕಾರು ಇಟ್ಟುಕೊಂಡು ಅದರ ಖರ್ಚು ನೋಡಿಕೊಳ್ಳುತ್ತೇನೆ ಅಂತ. ಓಡಿಸುವುದಕ್ಕೆ 'ಡ್ರೈವ್'.

ವ್ಯಾಕರಣಪ್ರಿಯ: 'ಹರಿ' ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಮಾತು ಬಿಟ್ಟಿದ್ದೆ: 'ಹ್ಯಾಡ್ ರ‍್ಯಾನ್' ಅಂತ ಬರೆಯಬೇಡಿ. 'ಹ್ಯಾವ್', 'ಹ್ಯಾಸ್', 'ಹ್ಯಾಡ್' ಮುಂದೆ ಮತ್ತೆ 'ರನ್' ಬರಬೇಕು. ಮೇಲಿನ ಸಕ್ಕರೆ ವಾಕ್ಯದಲ್ಲಿ 'ಹ್ಯಾಸ್ ರನ್ ಔಟ್' ಇರುವುದು ಅದಕ್ಕೇ.